ಭಾನುವಾರದ ಮೈದಾನ

ಕ್ರೀಡೆ ಮತ್ತು ಕ್ರೈಸ್ತ ವಿಶ್ವಾಸದ ಸಂಬಂಧವನ್ನು ಕುರಿತು ಪ್ರಶ್ನೆ ಕಳುಹಿಸಿರೆಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾನುವಾರದ ಬಗ್ಗೆಯೇ ಇದ್ದವು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿಕೊಂಡು, ಐದಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಮೂವತ್ತು ವರ್ಷ ದೈಹಿಕ ಶಿಕ್ಷಣದ ಮೇಷ್ಟ್ರಾಗಿದ್ದವನ ಅಭಿಪ್ರಾಯಗಳಿವು. ಸಭೆಯ ತೀರ್ಪೆಂದು ಯಾರೂ ಓದಿಕೊಳ್ಳಬಾರದು.

ಪ್ರಶ್ನೆ: ನನ್ನ ಮಗಳಿಗೆ ಹದಿನಾಲ್ಕು ವರ್ಷ, 400 ಮೀಟರ್ ಓಡುತ್ತಾಳೆ. ಜಿಲ್ಲಾ ತಂಡದ ಆಯ್ಕೆ ಭಾನುವಾರ ಬೆಳಿಗ್ಗೆ ಇಟ್ಟಿದ್ದಾರೆ. ಅದೇ ಹೊತ್ತಿಗೆ ಆರಾಧನೆ ಮತ್ತು ಸಭೆಯ ಪೂರ್ಣ ಸದಸ್ಯತ್ವಕ್ಕೆ ತಯಾರು ಮಾಡುವ ದೃಢೀಕರಣದ ತರಗತಿ. ಸಭಾಪಾಲಕರು ಎರಿಕ್ ಲಿಡೆಲ್ ಅವರ ಉದಾಹರಣೆ ಕೊಟ್ಟು ಕಳುಹಿಸಬೇಡಿ ಎನ್ನುತ್ತಾರೆ. ಮಗಳು ಎರಡು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ. — ಒಬ್ಬ ತಾಯಿ, ಹಾಸನ

ಸಹೋದರಿ, ಲಿಡೆಲ್ ಅವರ ಕಥೆಯನ್ನು ಪೂರ್ತಿಯಾಗಿ ನೋಡೋಣ, ಏಕೆಂದರೆ ಪ್ರಸಂಗಗಳಲ್ಲಿ ಅದರ ಅರ್ಧವನ್ನಷ್ಟೇ ಹೇಳುವ ರೂಢಿ ನಮ್ಮಲ್ಲಿದೆ. ಸ್ಕಾಟ್ಲೆಂಡಿನ ಮಿಷನರಿ ದಂಪತಿಯ ಮಗನಾಗಿ 1902ರಲ್ಲಿ ಚೀನಾದ ಟಿಯೆನ್‌ಸಿನ್ ನಗರದಲ್ಲಿ ಹುಟ್ಟಿದ ಅವರು, 1924ರ ಪ್ಯಾರಿಸ್ ಒಲಿಂಪಿಕ್ಸ್ ಹೊತ್ತಿಗೆ 100 ಮೀಟರ್ ಓಟದಲ್ಲಿ ಬ್ರಿಟನ್ನಿನ ದೊಡ್ಡ ಭರವಸೆಯಾಗಿದ್ದರು. ಆ ಓಟದ ಮೊದಲ ಸುತ್ತು ಜುಲೈ 6ರ ಭಾನುವಾರಕ್ಕೆ ಬಿದ್ದಿತ್ತು. ಕರ್ತನ ದಿನದಲ್ಲಿ ಓಡುವುದಿಲ್ಲವೆಂದು ಅವರು ಹಿಂದೆ ಸರಿದರು. ಹಡಗು ಹತ್ತುವ ಗಳಿಗೆಯಲ್ಲಿ ಈ ಸುದ್ದಿ ತಿಳಿಯಿತೆಂದು ಪ್ರಸಿದ್ಧ ಚಲನಚಿತ್ರವೊಂದು ತೋರಿಸುತ್ತದೆ. ವಾಸ್ತವದಲ್ಲಿ ವೇಳಾಪಟ್ಟಿ ತಿಂಗಳುಗಳ ಮುಂಚೆಯೇ ಗೊತ್ತಾಗಿತ್ತು, ಆ ತಿಂಗಳುಗಳನ್ನು ಅವರು 200 ಮತ್ತು 400 ಮೀಟರ್‌ಗಳ ಅಭ್ಯಾಸಕ್ಕೆ ಬಳಸಿಕೊಂಡಿದ್ದರು. 200ರಲ್ಲಿ ಕಂಚು ಬಂತು. ಜುಲೈ 11ರ ಶುಕ್ರವಾರ, ಎದುರಾಳಿಗಳು ಯಾರೂ ಕಣ್ಣಿಗೆ ಬೀಳದ ಹೊರಗಿನ ಲೇನಿನಲ್ಲಿ ಓಡಿ, 47.6 ಸೆಕೆಂಡಿನಲ್ಲಿ 400 ಮೀಟರ್ ಚಿನ್ನ ಗೆದ್ದರು.

ಈ ಚಿನ್ನವನ್ನು ಭಾನುವಾರ ಬಿಟ್ಟುಕೊಟ್ಟದ್ದಕ್ಕೆ ದೇವರು ಎಣಿಸಿಕೊಟ್ಟ ಕೂಲಿಯೆಂಬಂತೆ ಹೇಳುವುದನ್ನು ನಾನು ಒಪ್ಪುವುದಿಲ್ಲ. ನ್ಯೂಜಿಲೆಂಡಿನ ರಗ್ಬಿ ಆಟಗಾರ ಮೈಕೆಲ್ ಜೋನ್ಸ್ ಕೂಡ ಭಾನುವಾರ ಆಡುತ್ತಿರಲಿಲ್ಲ. 1991ರ ವಿಶ್ವಕಪ್ ಸೆಮಿಫೈನಲ್ ಭಾನುವಾರ ಬಂದಾಗ ಅವರು ಹೊರಗುಳಿದರು; ಅವರ ತಂಡ ಆಸ್ಟ್ರೇಲಿಯಕ್ಕೆ 16–6ರಿಂದ ಸೋತಿತು. ಅವರ ವಿಶ್ವಾಸವೇನೂ ಲಿಡೆಲ್ ಅವರದಕ್ಕಿಂತ ಕಡಿಮೆಯದಲ್ಲ. ಆದರೂ ನಮ್ಮ ಪ್ರಸಂಗಪೀಠದಿಂದ ಜೋನ್ಸ್ ಹೆಸರನ್ನು ನಾನು ಒಮ್ಮೆಯೂ ಕೇಳಿಲ್ಲ.

ಇನ್ನು ಹೇಳದೆ ಬಿಡುವ ಅರ್ಧಭಾಗ. ಲಿಡೆಲ್ 1925ರಲ್ಲಿ ಚೀನಾಕ್ಕೆ ಮರಳಿ ಶಿಕ್ಷಕರಾದರು. 1943ರಲ್ಲಿ ಜಪಾನಿ ಸೈನ್ಯ ಅವರನ್ನು ಶಾಂಡಾಂಗ್ ಪ್ರಾಂತದ ವೈಶಿಯೆನ್ ಬಂಧನ ಶಿಬಿರದಲ್ಲಿ ಇರಿಸಿತು. ಗರ್ಭಿಣಿ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಅದಕ್ಕೆ ಮೊದಲೇ ಕೆನಡಾಕ್ಕೆ ಕಳುಹಿಸಿದ್ದರು. ಮೂರನೆಯ ಮಗಳ ಮುಖ ನೋಡುವ ಅವಕಾಶ ಅವರಿಗೆ ಬರಲೇ ಇಲ್ಲ. ಶಿಬಿರದಲ್ಲಿ ತಂದೆತಾಯಿಗಳಿಂದ ದೂರವಾದ ಮಕ್ಕಳು ಅನೇಕರಿದ್ದರು. ಅವರಿಗೆ ಪಾಠ ಹೇಳಿ, ಹಾಳಾದ ಹಾಕಿ ಸ್ಟಿಕ್‌ಗಳನ್ನು ಸರಿಮಾಡಿಕೊಟ್ಟು, ಆಟ ಆಡಿಸುತ್ತಿದ್ದವರು ಇವರೇ. ಭಾನುವಾರ ಮಾತ್ರ ಆಟವಿಲ್ಲ ಎಂಬುದು ಅಲ್ಲಿಯೂ ಅವರ ನಿಯಮವಾಗಿತ್ತು. ಒಂದು ಭಾನುವಾರ ಹುಡುಗ ಹುಡುಗಿಯರು ತಾವಾಗಿಯೇ ಹಾಕಿ ಆಡಲು ಇಳಿದರು. ನೋಡಿಕೊಳ್ಳುವವರಿಲ್ಲದ ಆಟ ಹೊಡೆದಾಟದಲ್ಲಿ ಮುಗಿಯಿತು. ಮುಂದಿನ ಭಾನುವಾರ ಲಿಡೆಲ್ ತಾವೇ ಮೈದಾನಕ್ಕೆ ಬಂದು ರೆಫರಿಯಾಗಿ ನಿಂತರು. ಒಲಿಂಪಿಕ್ ಪದಕಕ್ಕಾಗಿ ಸಡಿಲಿಸದ ನಿಯಮವನ್ನು ಬೇಸರಗೊಂಡ ಮಕ್ಕಳಿಗಾಗಿ ಸಡಿಲಿಸಿದರು. 1945ರ ಫೆಬ್ರುವರಿ 21ರಂದು, ಶಿಬಿರದ ಬಿಡುಗಡೆಗೆ ಆರು ತಿಂಗಳಿದ್ದಾಗ, ಮಿದುಳಿನ ಗೆಡ್ಡೆಯಿಂದ ಅಲ್ಲಿಯೇ ತೀರಿಕೊಂಡರು. ಆಗ ಅವರಿಗೆ ನಲವತ್ತಮೂರು ವರ್ಷ. ಸಬ್ಬತ್, ಎಂದರೆ ವಿಶ್ರಾಂತಿಯ ದಿನ, ಇರುವುದು ಮನುಷ್ಯನಿಗಾಗಿ ಎಂದು ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಮಾತಿಗೆ ಆ ಹಾಕಿ ಪಂದ್ಯಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ಗೊತ್ತಿಲ್ಲ.

ಈ ಜಗಳ ಹೊಸದೂ ಅಲ್ಲ. ಭಾನುವಾರ ಆರಾಧನೆ ಮುಗಿದ ಮೇಲೆ ಜನ ಬಿಲ್ಲುಗಾರಿಕೆ, ಜಿಗಿತ, ಕುಣಿತಗಳಲ್ಲಿ ತೊಡಗಬಹುದೆಂದು ಇಂಗ್ಲೆಂಡಿನ ದೊರೆ ಮೊದಲನೆಯ ಜೇಮ್ಸ್ 1618ರಲ್ಲಿ ಘೋಷಿಸಿದ. 1643ರಲ್ಲಿ ಕಟ್ಟುನಿಟ್ಟಿನ ಪ್ರೊಟೆಸ್ಟಂಟರಾದ ಪ್ಯೂರಿಟನ್ನರ ಪಾರ್ಲಿಮೆಂಟು ಆ ಘೋಷಣೆಯ ಪ್ರತಿಗಳನ್ನು ಬಹಿರಂಗವಾಗಿ ಸುಡಿಸಿತು. ಎರಡೂ ಕಡೆಯವರ ಕೈಯಲ್ಲಿದ್ದದ್ದು ಒಂದೇ ಸತ್ಯವೇದ.

ಆದ್ದರಿಂದ ನಿಮ್ಮ ಸಭಾಪಾಲಕರನ್ನು ವಿನಯದಿಂದಲೇ ಒಂದು ಮಾತು ಕೇಳಿ: ಲಿಡೆಲ್ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ತಮ್ಮ ಮನಸ್ಸಾಕ್ಷಿಗೆ ತಾವೇ ಬೆಲೆ ತೆತ್ತರು, ಹದಿನಾಲ್ಕು ವರ್ಷದ ಹುಡುಗಿಯ ಕಾಲಿಗೆ ಇನ್ನೊಬ್ಬರ ಮನಸ್ಸಾಕ್ಷಿಯನ್ನು ಕಟ್ಟಿದರೆ ಬೆಲೆ ತೆತ್ತವರು ಯಾರಾದರು? ಮಗಳೇ ಯೋಚಿಸಿ ಹೋಗುವುದಿಲ್ಲ ಎಂದರೆ ಅವಳ ಬೆನ್ನಿಗೆ ನಿಲ್ಲಿ, ಆಯ್ಕೆದಾರರಿಗೆ ಮೊದಲೇ ಪತ್ರ ಬರೆದು ಬೇರೆ ದಿನ ಸಾಧ್ಯವೇ ಎಂದು ವಿಚಾರಿಸಿ. ಹೋಗುತ್ತೇನೆ ಎಂದರೆ ಕಳುಹಿಸಿ, ನೀವೂ ಜೊತೆಗೆ ಹೋಗಿ. ತಪ್ಪಿದ ತರಗತಿಯನ್ನು ಶನಿವಾರ ಸಂಜೆ ತೆಗೆದುಕೊಡಲು ಸಭಾಪಾಲಕರಿಗೆ ಕಷ್ಟವಾಗಲಾರದು. ಒಂದು ಭಾನುವಾರದ ವಿಷಯ ಇದು. ವರ್ಷದ ಎಲ್ಲಾ ಭಾನುವಾರಗಳನ್ನೂ ಕೋಚ್ ಕೇಳತೊಡಗಿದರೆ ಆಗ ಮತ್ತೆ ಬರೆಯಿರಿ, ನನ್ನ ಉತ್ತರ ಬೇರೆಯಾಗಬಹುದು.

ಪ್ರಶ್ನೆ: 2025ರ ಮಹಿಳಾ ವಿಶ್ವಕಪ್ ಸೆಮಿಫೈನಲ್ ಗೆದ್ದ ಮೇಲೆ ಜೆಮಿಮಾ ರಾಡ್ರಿಗಸ್ ಯೇಸುವಿಗೆ ಕೃತಜ್ಞತೆ ಹೇಳಿದರು. ಹಾಗಾದರೆ ದೇವರು ಪಂದ್ಯ ಗೆಲ್ಲಿಸುತ್ತಾನೆಯೇ? ಎದುರಾಳಿಯೂ ಪ್ರಾರ್ಥನೆ ಮಾಡಿದ್ದರೆ? — ಕಾಲೇಜು ವಿದ್ಯಾರ್ಥಿ, ಧಾರವಾಡ

ಅಕ್ಟೋಬರ್ 30ರ ಆ ರಾತ್ರಿ ನವಿ ಮುಂಬೈಯಲ್ಲಿ ಆಸ್ಟ್ರೇಲಿಯ ಒಡ್ಡಿದ 339 ರನ್‌ಗಳ ಗುರಿಯನ್ನು ಭಾರತ ಮುಟ್ಟಿದಾಗ ಜೆಮಿಮಾ 127 ರನ್ ಮಾಡಿ ಔಟಾಗದೆ ನಿಂತಿದ್ದರು. ಅವರು ಹೇಳಿದ್ದನ್ನು ಗಮನವಿಟ್ಟು ಕೇಳಿದರೆ, ದೇವರು ಆಸ್ಟ್ರೇಲಿಯವನ್ನು ಸೋಲಿಸಿದನೆಂಬ ಮಾತು ಅದರಲ್ಲಿರಲಿಲ್ಲ. ಅದೇ ಟೂರ್ನಿಯಲ್ಲಿ ಒಂದು ಪಂದ್ಯಕ್ಕೆ ತಂಡದಿಂದ ಹೊರಗುಳಿದದ್ದು, ಆತಂಕದಿಂದ ಅಳುತ್ತಿದ್ದದ್ದು, ಕೊನೆಯಲ್ಲಿ ದಣಿದಾಗ ವಿಮೋಚನಕಾಂಡದ ಒಂದು ವಾಕ್ಯವನ್ನು ತಮ್ಮೊಳಗೆ ಹೇಳಿಕೊಳ್ಳುತ್ತಿದ್ದದ್ದು, ಇವು ಅವರ ಮಾತುಗಳು. ಸುಮ್ಮನೆ ನಿಂತಿರು, ದೇವರು ನಿನಗಾಗಿ ಹೋರಾಡುತ್ತಾನೆ ಎಂಬುದು ಆ ವಾಕ್ಯದ ತಾತ್ಪರ್ಯ. ಕುಸಿಯುತ್ತಿದ್ದವರನ್ನು ನಿಲ್ಲಿಸಿದ ವಿಶ್ವಾಸಕ್ಕೆ ಸಲ್ಲಿಸಿದ ಕೃತಜ್ಞತೆಯಾಗಿ ಅದನ್ನು ನಾನು ತೆಗೆದುಕೊಳ್ಳುತ್ತೇನೆ.

ಆದರೆ ಅಭಿಮಾನಿಗಳು ಇಲ್ಲಿಗೆ ನಿಲ್ಲುವುದಿಲ್ಲ. ಜೆಮಿಮಾ 82 ರನ್‌ನಲ್ಲಿದ್ದಾಗ ಆಸ್ಟ್ರೇಲಿಯದ ನಾಯಕಿ ಅಲಿಸಾ ಹೀಲಿ ಕೈಗೆ ಬಂದ ಕ್ಯಾಚನ್ನು ಬಿಟ್ಟರು. ಅದು ದೇವರ ಕೈವಾಡವೆಂದು ನನಗೆ ಸಂದೇಶ ಕಳುಹಿಸಿದವರಿದ್ದಾರೆ. ಒಬ್ಬಳಿಗೆ ಕೃಪೆ ತೋರಲು ಇನ್ನೊಬ್ಬಳ ಬೆರಳು ಸಡಿಲಿಸುವ ದೇವರನ್ನು ನಾನು ಸತ್ಯವೇದದಲ್ಲಿ ಕಂಡಿಲ್ಲ. ನೀತಿವಂತರ ಮೇಲೂ ಅನೀತಿವಂತರ ಮೇಲೂ ಮಳೆ ಸುರಿಸುವವನನ್ನು ಮತ್ತಾಯನ ಐದನೆಯ ಅಧ್ಯಾಯದಲ್ಲಿ ಕಂಡಿದ್ದೇನೆ.

ಗೆಲುವಿಗೂ ವಿಶ್ವಾಸಕ್ಕೂ ಗಂಟು ಹಾಕಿದರೆ ಏನಾಗಬಹುದು ಎಂಬುದಕ್ಕೆ ಬ್ರಿಟನ್ನಿನ ಜೊನಾಥನ್ ಎಡ್ವರ್ಡ್ಸ್ ಅವರನ್ನು ನೋಡಬೇಕು. ಪಾದ್ರಿಯ ಮಗ. ಭಾನುವಾರವೆಂಬ ಕಾರಣಕ್ಕೆ 1991ರ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್ಪನ್ನೇ ಬಿಟ್ಟವರು. 1993ರಲ್ಲಿ ಮನಸ್ಸು ಬದಲಿಸಿದರು. 1995ರಲ್ಲಿ ಗೊಥೆನ್‌ಬರ್ಗ್‌ನಲ್ಲಿ ಅವರು ತ್ರಿವಿಧ ಜಿಗಿತದಲ್ಲಿ ಹಾರಿದ 18.29 ಮೀಟರನ್ನು ಮೂವತ್ತು ವರ್ಷ ಕಳೆದರೂ ಯಾರೂ ದಾಟಿರಲಿಲ್ಲ. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಹೋಗುವಾಗ, ಐದು ರೊಟ್ಟಿ ಎರಡು ಮೀನಿನ ಅದ್ಭುತಕಾರ್ಯದ ನೆನಪಿಗೆಂದು, ಕಿಟ್ ಬ್ಯಾಗಿನಲ್ಲಿ ಸಾರ್ಡೀನ್ ಮೀನಿನ ಡಬ್ಬಿಯೊಂದನ್ನು ಇಟ್ಟುಕೊಂಡಿದ್ದರು, ಚಿನ್ನವೂ ಬಂತು. ನಿವೃತ್ತಿಯಾದ ಕೆಲವು ವರ್ಷಗಳಲ್ಲಿ ವಿಶ್ವಾಸ ಕರಗಿಹೋಯಿತು, 2007ರಲ್ಲಿ ಅದನ್ನು ಬಹಿರಂಗವಾಗಿಯೇ ಹೇಳಿದರು. ತಮ್ಮ ದೈವಭಕ್ತಿ ಹೆಸರೊಂದನ್ನು ಬಿಟ್ಟರೆ ಕ್ರೀಡಾ ಮನಶ್ಶಾಸ್ತ್ರವೇ ಆಗಿತ್ತೆಂದು ಹಿಂದಿರುಗಿ ನೋಡಿದಾಗ ಅವರಿಗೆ ಅನ್ನಿಸಿತು. ಅವರ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ. ಪಂದ್ಯದ ಮುಂಚೆ ಮಾತ್ರ ದೇವರನ್ನು ನೆನೆಯುವ ನಮ್ಮ ಹುಡುಗರಿಗೆ ಈ ಕಥೆಯನ್ನು ಹೇಳಿಯೇ ಹೇಳುತ್ತೇನೆ.

ಪ್ರಶ್ನೆ: ನನಗೆ ಹತ್ತೊಂಬತ್ತು ವರ್ಷ, ಬೆಂಗಳೂರಿನ ಒಂದು ಕ್ಲಬ್ಬಿಗೆ ಫುಟ್‌ಬಾಲ್ ಆಡುತ್ತೇನೆ. ದೇವರ ಸೇವೆಗೆ ಹೋಗಬೇಕೆಂಬ ಮನಸ್ಸೂ ಇದೆ. ಆಟ ಲೋಕದ ವ್ಯಾಮೋಹ, ಬಿಟ್ಟುಬಿಡು ಎಂದು ಹಿರಿಯರು ಹೇಳುತ್ತಾರೆ. ಬಿಡಬೇಕೇ? — ಓದುಗ, ಬೆಂಗಳೂರು

ಆಟ ಲೋಕದ ವ್ಯಾಮೋಹವೆಂದು ಪೌಲನಿಗೆ ಅನ್ನಿಸಿದ್ದರೆ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಓಟಗಾರನನ್ನೂ ಗುದ್ದಾಟದವನನ್ನೂ ಅವನು ಕರೆತರುತ್ತಿರಲಿಲ್ಲ. ಕೊರಿಂಥದ ಹತ್ತಿರವೇ ಇಸ್ಥಮಸ್‌ನ ಕ್ರೀಡಾಕೂಟ ನಡೆಯುತ್ತಿತ್ತು. ಗೆದ್ದವನ ತಲೆಗೆ ಸೊಪ್ಪಿನ ಕಿರೀಟ ತೊಡಿಸುತ್ತಿದ್ದರು. ಬಾಡಿಹೋಗುವ ಜಯಮಾಲೆಗಾಗಿ ಅವರು ಅಷ್ಟು ಸಾಧನೆ ಮಾಡುವಾಗ ಬಾಡದ ಮಾಲೆಗಾಗಿ ನಾವೆಷ್ಟು ಮಾಡಬೇಕು ಎಂದು ಅವನು ಕೇಳಿದಾಗ, ಕೇಳುವವರ ಕಣ್ಣ ಮುಂದೆ ಆ ಸೊಪ್ಪು ಇತ್ತು. ತಿಮೊಥೆಯನಿಗೆ ಬರೆಯುವಾಗಲೂ ದೇಹಸಾಧನೆಯಿಂದ ಸ್ವಲ್ಪ ಮಟ್ಟಿನ ಲಾಭವುಂಟು ಎನ್ನುತ್ತಾನೆ. ಆ ‘ಸ್ವಲ್ಪ’ವನ್ನು ಹಿರಿಯರು ‘ಏನೂ ಇಲ್ಲ’ ಎಂದು ಓದುತ್ತಾರೆ, ನಿಮ್ಮಂಥ ಹುಡುಗರು ‘ಎಲ್ಲವೂ’ ಎಂದು ಓದುತ್ತೀರಿ.

ಇಬ್ಬರು ಕ್ರಿಕೆಟಿಗರ ಹೆಸರು ಹೇಳುತ್ತೇನೆ. ಸಿ.ಟಿ. ಸ್ಟಡ್ 1882ರಲ್ಲಿ ಓವಲ್ ಮೈದಾನದಲ್ಲಿ ಇಂಗ್ಲೆಂಡ್ ಆಸ್ಟ್ರೇಲಿಯಕ್ಕೆ 7 ರನ್‌ಗಳಿಂದ ಸೋತು ಈ ಎರಡು ತಂಡಗಳ ‘ಆ್ಯಷಸ್’ ಸರಣಿಯ ಕಥೆಗೆ ಕಾರಣವಾದ ಟೆಸ್ಟಿನಲ್ಲಿದ್ದರು. ಒಳ್ಳೆಯ ಬ್ಯಾಟ್ಸ್‌ಮನ್ನರಾದ ಅವರನ್ನು ಹತ್ತನೆಯವರಾಗಿ ಇಳಿಸಿದ್ದರಿಂದ ಒಂದೂ ಚೆಂಡನ್ನು ಎದುರಿಸದೆ ತುದಿಯಲ್ಲಿ ನಿಂತು ಸೋಲು ನೋಡಬೇಕಾಯಿತು. ಮೂರು ವರ್ಷಗಳೊಳಗೆ ಕ್ರಿಕೆಟ್ ಬಿಟ್ಟು ಚೀನಾಕ್ಕೆ ಮಿಷನರಿಯಾಗಿ ಹೊರಟರು, ತಂದೆಯಿಂದ ಬಂದ ಆಸ್ತಿಯನ್ನು ಹಂಚಿಬಿಟ್ಟರು, 1900ರಿಂದ 1906ರವರೆಗೆ ನಮ್ಮ ಪಕ್ಕದ ಊಟಿಯಲ್ಲಿ ಸಭಾಪಾಲಕರಾಗಿದ್ದರು, ಕೊನೆಗೆ ಕಾಂಗೋದಲ್ಲಿ ಮಣ್ಣಾದರು. ಡೇವಿಡ್ ಷೆಪರ್ಡ್ ಬೇರೆ ದಾರಿಯವರು. 1955ರಲ್ಲಿ ಗುರುದೀಕ್ಷೆ ಪಡೆದ ಮೇಲೂ ಇಂಗ್ಲೆಂಡ್ ಪರ ಆಡಿದರು. ಒಟ್ಟು 22 ಟೆಸ್ಟುಗಳು. ಕ್ಯಾಚು ಬಿಟ್ಟಾಗ ಬೌಲರ್ ಫ್ರೆಡ್ ಟ್ರೂಮನ್, ಇವತ್ತು ಭಾನುವಾರ ಅಂದುಕೊಂಡಾದರೂ ಕೈ ಜೋಡಿಸಿ ಪಾದ್ರಿಗಳೇ ಎಂದರೆಂಬ ಕಥೆಯನ್ನು ಕ್ರಿಕೆಟಿಗರು ಇಂದಿಗೂ ಹೇಳುತ್ತಾರೆ. ಅದೇ ಷೆಪರ್ಡ್ 1960ರಲ್ಲಿ, ವರ್ಣಭೇದದ ಕಾರಣಕ್ಕೆ, ದಕ್ಷಿಣ ಆಫ್ರಿಕ ತಂಡದ ವಿರುದ್ಧ ಆಡಲು ನಿರಾಕರಿಸಿದರು. ಮುಂದೆ ಲಿವರ್‌ಪೂಲಿನ ಬಿಷಪ್ ಆದರು. ಆಟ ಬಿಟ್ಟವರ ಸಾಕ್ಷಿಗಿಂತ ಆಟದೊಳಗಿದ್ದು ‘ಇಲ್ಲ’ ಎಂದವರ ಸಾಕ್ಷಿ ಕಡಿಮೆಯದೆಂದು ನನಗೆ ಅನ್ನಿಸುವುದಿಲ್ಲ.

ನಿಮಗೆ ಹತ್ತೊಂಬತ್ತು. ದೇವಶಾಸ್ತ್ರದ ಕಾಲೇಜು ಇಪ್ಪತ್ತೈದಕ್ಕೂ ಬಾಗಿಲು ತೆರೆದಿರುತ್ತದೆ. ಮೊಣಕಾಲು ಅಷ್ಟು ಕಾಯುವುದಿಲ್ಲ. ಆಡಿ.

ಪ್ರಶ್ನೆ: ನಾನು ಕ್ರೈಸ್ತನಲ್ಲ, ಗೆಳೆಯನ ಮನೆಯಲ್ಲಿ ನಿಮ್ಮ ಪತ್ರಿಕೆ ಓದುತ್ತೇನೆ. ಮಿಷನರಿಗಳು ಆಟಗಳನ್ನು ತಂದದ್ದು ಮತಪ್ರಚಾರಕ್ಕೇ ಅಲ್ಲವೇ? ಆಟದ ಮೈದಾನದಲ್ಲಿ ಧರ್ಮ ಏಕೆ ಬೇಕು? — ನಿವೃತ್ತ ಶಿಕ್ಷಕರು, ತುಮಕೂರು

ಮೇಷ್ಟ್ರೇ, ಕೇಳಿದ್ದಕ್ಕೆ ಸಂತೋಷ. ಪ್ರಚಾರದ ಉದ್ದೇಶ ಇರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಗಟ್ಟಿ ದೇಹದಲ್ಲಿ ಗಟ್ಟಿ ನಡತೆ ಬೆಳೆಯುತ್ತದೆ, ಅದು ಕ್ರೈಸ್ತ ಗಂಡಸಿನ ಲಕ್ಷಣ ಎಂಬ ವಿಚಾರ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಸಾಮ್ರಾಜ್ಯದ ಜೊತೆಯಲ್ಲೇ ಹಡಗು ಹತ್ತಿತು. ಶ್ರೀನಗರದ ಮಿಷನ್ ಶಾಲೆಯ ಟಿಂಡೇಲ್ ಬಿಸ್ಕೋ 1891ರಲ್ಲಿ ಫುಟ್‌ಬಾಲ್ ತಂದಾಗ ಪಂಡಿತರ ಮನೆಯ ಹುಡುಗರು ಚರ್ಮದ ಚೆಂಡನ್ನು ಮುಟ್ಟಲು ಒಪ್ಪಲಿಲ್ಲ. ಶಿಕ್ಷಕರ ಕೈಗೆ ಕೋಲು ಕೊಟ್ಟು ಹುಡುಗರನ್ನು ಮೈದಾನಕ್ಕೆ ಅಟ್ಟಿಸಿದರು. ಚೆಂಡು ಒಬ್ಬನ ಮುಖಕ್ಕೆ ಬಡಿದು ಮೈಲಿಗೆಯಾಯಿತೆಂದು ಅತ್ತಾಗ, ಕಾಲುವೆಯಲ್ಲಿ ಮುಖ ತೊಳೆಸಿ ಆಟ ಮುಂದುವರಿಸಿದರು. ಇದನ್ನು ಅವರೇ ಹೆಮ್ಮೆಯಿಂದ ಬರೆದುಕೊಂಡಿದ್ದಾರೆ. ಮೈಲಿಗೆಯ ಭಾವನೆ ಮುರಿದದ್ದು ಒಳ್ಳೆಯದೇ. ಕೋಲು ಹಿಡಿದು ಮುರಿದದ್ದನ್ನು ನಾನು ಸಮರ್ಥಿಸಲಾರೆ.

ಇನ್ನೊಂದು ಮುಖವೂ ಇದೆ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. (ಕ್ರೈಸ್ತ ಯುವಕರ ಸಂಘ) ತರಬೇತಿ ಶಾಲೆಯಲ್ಲಿ, ಚಳಿಗಾಲದ ಕವಾಯತಿಗೆ ಬೇಸತ್ತು ತುಂಟಾಟಕ್ಕಿಳಿದಿದ್ದ ತರಗತಿಯೊಂದನ್ನು ಜೇಮ್ಸ್ ನೈಸ್ಮಿತ್ ಅವರಿಗೆ ಒಪ್ಪಿಸಿದರು. ಕೆನಡಾದಲ್ಲಿ ದೇವಶಾಸ್ತ್ರ ಓದಿ ಮುಗಿಸಿದ ಮೇಲೂ ಪ್ರಸಂಗಪೀಠಕ್ಕಿಂತ ವ್ಯಾಯಾಮಶಾಲೆಯಲ್ಲೇ ಹೆಚ್ಚು ಸೇವೆ ಸಾಧ್ಯವೆಂದು ನಂಬಿದ್ದವರು ಅವರು. ಎರಡು ಪೆಟ್ಟಿಗೆ ಬೇಕೆಂದು ಕೇಳಿದಾಗ ಶಾಲೆಯ ಜವಾನ ಪೀಚ್ ಹಣ್ಣಿನ ಬುಟ್ಟಿಗಳನ್ನು ತಂದುಕೊಟ್ಟ. ಹೀಗೆ ಹುಟ್ಟಿದ್ದು ಬ್ಯಾಸ್ಕೆಟ್‌ಬಾಲ್. ಬುಟ್ಟಿಗಳನ್ನು ಮೊಳೆ ಹೊಡೆದು ನಿಲ್ಲಿಸಿದ ಮೊಗಸಾಲೆಯ ಕಟಕಟೆ ಹತ್ತು ಅಡಿ ಎತ್ತರದಲ್ಲಿದ್ದುದರಿಂದ ಬುಟ್ಟಿ ಇಂದಿಗೂ ಹತ್ತು ಅಡಿಯಲ್ಲೇ ಇದೆ. ಒಂಬತ್ತು ಜನರ ಎರಡು ತಂಡ, ಹದಿಮೂರು ನಿಯಮ. ಚೆಂಡು ಹಿಡಿದುಕೊಂಡು ಓಡುವಂತಿಲ್ಲ, ಏಕೆಂದರೆ ಓಡುವವನನ್ನು ಕೆಡವಬೇಕಾಗುತ್ತದೆ. ಹೊಡೆದಾಟವಿಲ್ಲದ ಆಟ ಕಟ್ಟುವುದೇ ಅವರ ಪ್ರಚಾರವಾಗಿತ್ತು. ಇದೇ ಸಂಸ್ಥೆಯ ಎಚ್.ಸಿ. ಬಕ್ 1920ರಲ್ಲಿ ಮದ್ರಾಸಿನಲ್ಲಿ ದೈಹಿಕ ಶಿಕ್ಷಣದ ಕಾಲೇಜು ತೆರೆದರು, 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದ ತಂಡವನ್ನು ಕರೆದೊಯ್ದವರಲ್ಲಿ ಅವರೂ ಇದ್ದರು. ನಮ್ಮ ಕಾಲದ ಪಿ.ಟಿ. ಮೇಷ್ಟ್ರುಗಳಲ್ಲಿ ಆ ಕಾಲೇಜಿನ ಶಿಸ್ತು ಕಲಿತವರು ಎಲ್ಲಾ ಮತದವರೂ ಇದ್ದರು.

ಮೈದಾನದಲ್ಲಿ ಧರ್ಮವೇಕೆ ಎಂದು ಕೇಳಿದಿರಿ. ಧರ್ಮದ ಹೆಸರಿನಲ್ಲೇ ತಂಡ ಕಟ್ಟಿದ ಕಾಲವೂ ನಮ್ಮಲ್ಲಿತ್ತು. ಮುಂಬೈಯ ಪೆಂಟಾಂಗ್ಯುಲರ್ ಕ್ರಿಕೆಟ್‌ನಲ್ಲಿ ಹಿಂದೂ, ಮುಸ್ಲಿಂ, ಪಾರ್ಸಿ, ಯುರೋಪಿಯನ್ ತಂಡಗಳ ಜೊತೆಗೆ, 1937ರಿಂದ ಕ್ರೈಸ್ತರೇ ಮೊದಲಾದವರಿಗೆ ‘ದಿ ರೆಸ್ಟ್’, ಎಂದರೆ ‘ಉಳಿದವರು’, ಎಂಬ ತಂಡವಿತ್ತು. ಕ್ರೈಸ್ತರಾದ ವಿಜಯ್ ಹಜಾರೆ 1943ರ ಫೈನಲ್‌ನಲ್ಲಿ ಹಿಂದೂ ತಂಡದ ವಿರುದ್ಧ, ತಂಡದ 387 ರನ್‌ಗಳಲ್ಲಿ 309ನ್ನು ಒಬ್ಬರೇ ಹೊಡೆದರು. ಆದರೂ ಉಳಿದವರು ಇನಿಂಗ್ಸ್ ಸೋಲು ಕಂಡರು. ಕೋಮುವಾರು ಕ್ರಿಕೆಟ್ ಬೇಡವೆಂದು ಗಾಂಧೀಜಿ 1940ರಲ್ಲೇ ಹೇಳಿದ್ದರು, 1946ರಲ್ಲಿ ಅದು ನಿಂತಿತು. ಹಜಾರೆ ಆಮೇಲೆ ಭಾರತದ ನಾಯಕರಾದರು.

ನನ್ನದೇ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಮೇಷ್ಟ್ರಾಗಿದ್ದಾಗ ಪ್ರತಿ ಪಂದ್ಯಕ್ಕೂ ಮೊದಲು ಹುಡುಗರನ್ನು ಸುತ್ತ ನಿಲ್ಲಿಸಿ ಕರ್ತನ ಪ್ರಾರ್ಥನೆ ಹೇಳಿಸುತ್ತಿದ್ದೆ. ನಮ್ಮ ಗೋಲ್‌ಕೀಪರ್ ಮುಸ್ಲಿಂ ಹುಡುಗ. ತಲೆ ತಗ್ಗಿಸಿ, ಕೈಗವಸಿನ ಪಟ್ಟಿಯನ್ನು ಬಿಚ್ಚುತ್ತಾ ಕಟ್ಟುತ್ತಾ ನಿಲ್ಲುತ್ತಿದ್ದ. ಅವನಿಗೆ ಕೈಗವಸು ಸರಿಹೊಂದುತ್ತಿಲ್ಲವೆಂದೇ ಎರಡು ವರ್ಷ ಅಂದುಕೊಂಡಿದ್ದೆ. ಅಮೆರಿಕದ ಬ್ರೆಮರ್ಟನ್ ಶಾಲೆಯ ಫುಟ್‌ಬಾಲ್ ಕೋಚ್ ಮೈದಾನದ ನಡುವೆ ಪ್ರಾರ್ಥಿಸಬಹುದೆಂದು ಅಲ್ಲಿನ ಸುಪ್ರೀಂ ಕೋರ್ಟ್ 2022ರಲ್ಲಿ 6–3ರ ತೀರ್ಪು ಕೊಟ್ಟಾಗ ನನ್ನ ಪರಿಚಿತರು ಸಂಭ್ರಮಿಸಿದರು. ನನಗೆ ಆ ಪಟ್ಟಿ ನೆನಪಾಯಿತು. ತಂಡದಲ್ಲಿ ಯಾರು ಆಡಬೇಕೆಂದು ತೀರ್ಮಾನಿಸುವವನು ಮಂಡಿಯೂರಿದರೆ ಮಕ್ಕಳೂ ಊರುತ್ತಾರೆ, ಅದನ್ನು ಅವರ ಇಚ್ಛೆಯೆಂದು ಕರೆಯುವುದು ಕಷ್ಟ.

ಪ್ರಶ್ನೆ: ಭಾನುವಾರ ಆರಾಧನೆಯ ನಂತರ ದೇವಾಲಯದ ಆವರಣದಲ್ಲಿ ವಾಲಿಬಾಲ್ ಆಡಲು ಹಿರಿಯರು ಬಿಡುತ್ತಿಲ್ಲ. ಏನು ಹೇಳೋಣ? — ಯುವಜನ ಸಂಘ, ಚಿಕ್ಕಮಗಳೂರು

ವಾಲಿಬಾಲ್ ಹುಟ್ಟಿದ್ದೇ ಹಿರಿಯರಿಗಾಗಿ ಎಂದು ಹೇಳಿ. 1895ರಲ್ಲಿ ಹೋಲಿಯೋಕ್ ಪಟ್ಟಣದ ವೈ.ಎಂ.ಸಿ.ಎ.ಯಲ್ಲಿ ವಿಲಿಯಂ ಮಾರ್ಗನ್ ಅದನ್ನು ರೂಪಿಸಿದ್ದು ಬ್ಯಾಸ್ಕೆಟ್‌ಬಾಲಿನ ಓಡಾಟ ತಡೆಯಲಾರದ ನಡುವಯಸ್ಸಿನ ವ್ಯಾಪಾರಸ್ಥರಿಗೆ. ಅವರು ಕಟ್ಟಿದ ನೆಟ್ಟು ಆರೂವರೆ ಅಡಿ ಎತ್ತರದ್ದು. ನೀವೂ ಮೊದಲ ವಾರ ಅಷ್ಟೇ ಎತ್ತರಕ್ಕೆ ಕಟ್ಟಿ, ಸಭೆಯ ಖಜಾಂಚಿಯವರಿಗೆ ಮೊದಲ ಸರ್ವೀಸ್ ಕೊಡಿ. ಕಿಟಕಿಯ ಗಾಜಿನ ಕಡೆಗೆ ಮಾತ್ರ ಮುಖ ಮಾಡಿ ನಿಲ್ಲಿಸಬೇಡಿ.